ಒಂದು ವಿಗಳಿಗೆ

ತಿಪಟೂರು ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಬೆಂಗಳೂರು ಸೇರಿದ ಉದ್ಯೋಗಿಯೊಬ್ಬನಿಗೆ ತನ್ನ 47ನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗುವ ಪ್ರಸಂಗ ಒದಗಿತು. ಆತ ಬರೆಯಬೇಕಾಗಿದ್ದುದು ಕ್ಲೌಡ್ ಕಂಪ್ಯೂಟಿಂಗ್ ಕ್ಷೇತ್ರದ ಒಂದು ವೃತ್ತಿಪರ ಪರೀಕ್ಷೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಆತನ ಸಿದ್ಧತೆಯ ಆರು ತಿಂಗಳನ್ನು ಗಮನಿಸಿದರೆ ಅದರ ನಡುವೆ ಇರುವುದು ಯಂತ್ರಕ್ಕಿಂತ ಹೆಚ್ಚಾಗಿ ಓದು. ಮನುಷ್ಯನಿಗೆ ಒಂದು ವಿಷಯ ಯಾವ ಭಾಷೆಯಲ್ಲಿ ಅರ್ಥವಾಗುತ್ತದೆ ಎಂಬ ಹಳೆಯ ಪ್ರಶ್ನೆ.

ಆತನ ವೃತ್ತಿ ಸರ್ವರ್‌ಗಳ ಪಾಲನೆ. ಖಾಸಗಿ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ, ಸದಾ ತಣ್ಣಗಿರುವ, ಸದಾ ಗುಂಯ್‌ಗುಡುವ ಕೋಣೆಯಲ್ಲಿ ಸಾಲಾಗಿ ನಿಂತ ಯಂತ್ರಗಳನ್ನು 22 ವರ್ಷ ನೋಡಿಕೊಂಡಿದ್ದ. ಯಾವ ಫ್ಯಾನು ಯಾವ ಸದ್ದು ಮಾಡಿದರೆ ಯಾವುದು ಕೆಡಲಿದೆ ಎಂಬುದು ಆತನಿಗೆ ಕಿವಿಯಿಂದಲೇ ತಿಳಿಯುತ್ತಿತ್ತು. ಹಬ್ಬದ ರಾತ್ರಿಗಳಲ್ಲಿ ವಿದ್ಯುತ್ ಕೈಕೊಟ್ಟಾಗ ಊಟದ ಎಲೆಯಿಂದ ಎದ್ದು ಓಡಿದ್ದುಂಟು. ಆ ಕೋಣೆಯನ್ನು ಮುಚ್ಚುವ ತೀರ್ಮಾನ ಒಂದು ದಿನ ಪತ್ರರೂಪದಲ್ಲಿ ಬಂತು. ಸಂಸ್ಥೆಯ ಸಮಸ್ತ ಕೆಲಸವೂ ಕ್ಲೌಡ್‌ಗೆ ವರ್ಗವಾಗಲಿದೆ. ಆರು ತಿಂಗಳೊಳಗೆ ಪ್ರೊಫೆಷನಲ್ ಹಂತದ ಪ್ರಮಾಣಪತ್ರ ಪಡೆದವರನ್ನು ಹೊಸ ತಂಡಕ್ಕೆ ಪರಿಗಣಿಸಲಾಗುವುದು ಎಂದು ಅದರಲ್ಲಿತ್ತು. ಪಡೆಯದವರ ವಿಷಯದಲ್ಲಿ ಪತ್ರ ಏನನ್ನೂ ಹೇಳಿರಲಿಲ್ಲ. ಹೇಳದೆ ಬಿಟ್ಟ ಆ ಮಾತನ್ನು ಕೋಣೆಯಲ್ಲಿದ್ದ ಎಲ್ಲರೂ ಸರಿಯಾಗಿಯೇ ಓದಿಕೊಂಡರು.

ಕ್ಲೌಡ್ ಎಂಬ ಹೆಸರು ಮೋಡವನ್ನು ನೆನಪಿಸಿದರೂ ಅದು ಆಕಾಶದ ವಸ್ತುವಲ್ಲ. ಬೇರೊಬ್ಬರ ಕಟ್ಟಡದಲ್ಲಿ ಬೇರೊಬ್ಬರ ಯಂತ್ರಗಳಿರುತ್ತವೆ. ಬೇಕಾದಾಗ ಬೇಕಾದಷ್ಟನ್ನು ಬಾಡಿಗೆಗೆ ಪಡೆದು, ಬಳಸಿದಷ್ಟಕ್ಕೆ ಹಣ ಕೊಟ್ಟು, ಸಾಕಾದಾಗ ಬಿಟ್ಟುಕೊಡಬಹುದು. ಅಮೆಜಾನ್ ವೆಬ್ ಸರ್ವಿಸಸ್ 2006ರ ಮಾರ್ಚಿಯಲ್ಲಿ ಎಸ್3 ಎಂಬ ಸಂಗ್ರಹ ಸೇವೆಯನ್ನೂ ಅದೇ ವರ್ಷದ ಆಗಸ್ಟಿನಲ್ಲಿ ಇಸಿ2 ಎಂಬ ಬಾಡಿಗೆ ಕಂಪ್ಯೂಟರ್‌ನ ಸೇವೆಯನ್ನೂ ಆರಂಭಿಸಿತು. ಅದರ ಯಂತ್ರಾಗಾರಗಳ ಸಮೂಹ 2016ರಲ್ಲಿ ಮುಂಬಯಿಗೂ 2022ರಲ್ಲಿ ಹೈದರಾಬಾದಿಗೂ ಬಂತು. ಈ ಸಂಗತಿಗಳೆಲ್ಲ ಆತನಿಗೆ ಗೊತ್ತಿದ್ದವು. ಗೊತ್ತಿದ್ದೂ ನಂಬಿಕೆ ಕೂಡಿರಲಿಲ್ಲ. ಕೈಯಿಂದ ಮುಟ್ಟಲಾಗದ ಯಂತ್ರವನ್ನು ಕಾಯುವುದು ಹೇಗೆಂಬುದು ಇಪ್ಪತ್ತೆರಡು ವರ್ಷ ಮುಟ್ಟಿ ಕೆಲಸ ಮಾಡಿದವನ ಸಹಜವಾದ ಸಂದೇಹ.

ಆತ ಆರಿಸಿಕೊಂಡದ್ದು ಆ ಸಂಸ್ಥೆಯ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಪರೀಕ್ಷೆಯ ಪ್ರೊಫೆಷನಲ್ ಹಂತವನ್ನು. ಅದರಲ್ಲಿ 75 ಪ್ರಶ್ನೆಗಳು, 180 ನಿಮಿಷಗಳ ಕಾಲ. ಎಪ್ಪತ್ತೈದರಲ್ಲಿ 10 ಪ್ರಶ್ನೆಗಳಿಗೆ ಅಂಕವಿಲ್ಲ. ಅವು ಮುಂದಿನ ಪರೀಕ್ಷೆಗಳಿಗಾಗಿ ಪರಿಶೀಲನೆಯಲ್ಲಿರುವಂಥವು. ಆದರೆ ಆ ಹತ್ತು ಯಾವುವೆಂದು ಪರೀಕ್ಷಾರ್ಥಿಗೆ ತಿಳಿಸುವುದಿಲ್ಲ. ಅಂಕ 100ರಿಂದ 1000ದವರೆಗಿನ ಮಾನದಲ್ಲಿ ಬರುತ್ತದೆ. ತೇರ್ಗಡೆಗೆ 750 ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಬಿಟ್ಟ ಪ್ರಶ್ನೆ ತಪ್ಪೆಂದೇ ಲೆಕ್ಕ. ಶುಲ್ಕ 300 ಡಾಲರ್. ಸೋತವರು 14 ದಿನ ಕಾದು, ಮತ್ತೆ ಪೂರ್ಣ ಶುಲ್ಕ ತೆತ್ತು ಕೂರಬಹುದು. ಗೆದ್ದರೂ ಪ್ರಮಾಣಪತ್ರದ ಆಯುಸ್ಸು ಮೂರು ವರ್ಷ.

ಈ ಅಂಕಿಗಳಿಗಿಂತ ಗಮನಾರ್ಹವಾದುದು ಪ್ರಶ್ನೆಗಳ ಸ್ವರೂಪ. ಪ್ರತಿಯೊಂದು ಪ್ರಶ್ನೆಯೂ ಒಂದು ಪುಟ್ಟ ಕಥೆ. ಕಲ್ಪಿತವಾದ ಒಂದು ಸಂಸ್ಥೆ ಇರುತ್ತದೆ, ಅದಕ್ಕೊಂದು ಕಷ್ಟವಿರುತ್ತದೆ. ಎಂಟು ಹತ್ತು ಸಾಲುಗಳಲ್ಲಿ ಅದರ ಈಗಿನ ಸ್ಥಿತಿ, ಮುಂದಿನ ಬಯಕೆ, ಕಾನೂನಿನ ನಿರ್ಬಂಧಗಳನ್ನು ವಿವರಿಸಿ, ಕೆಳಗೆ ಪರಿಹಾರಗಳನ್ನು ಕೊಟ್ಟಿರುತ್ತಾರೆ. ಹಲವು ಬಾರಿ ಅವುಗಳಲ್ಲಿ ಎರಡು ಮೂರು ಪರಿಹಾರಗಳು ಕೆಲಸಕ್ಕೆ ಬರುವಂಥವೇ. ಅವುಗಳಲ್ಲಿ ಒಂದನ್ನು ಮಾತ್ರ ಸರಿಯೆನಿಸುವುದು ಪ್ರಶ್ನೆಯ ಕೊನೆಯ ವಾಕ್ಯದಲ್ಲಿ ಕುಳಿತ ಒಂದು ವಿಶೇಷಣ. ‘ಮೋಸ್ಟ್ ಕಾಸ್ಟ್ ಎಫೆಕ್ಟಿವ್’ ಎಂದಿದ್ದರೆ ಕಡಿಮೆ ಖರ್ಚಿನದು ಉತ್ತರ. ‘ಲೀಸ್ಟ್ ಆಪರೇಷನಲ್ ಓವರ್‌ಹೆಡ್’ ಎಂದಿದ್ದರೆ ಖರ್ಚು ಸ್ವಲ್ಪ ಹೆಚ್ಚಾದರೂ ನಿತ್ಯದ ನಿರ್ವಹಣೆಯ ಹೊರೆ ಕಡಿಮೆ ಇರುವುದು ಉತ್ತರ. ಉದಾಹರಣೆಗೆ, ಒಂದು ಸಂಸ್ಥೆ ತನ್ನ ಹಳೆಯ ಕಡತಗಳನ್ನು ಏಳು ವರ್ಷ ಕಾಪಾಡಬೇಕು, ಅವನ್ನು ಯಾರೂ ಕೇಳುವುದು ಅಪರೂಪ, ಕೇಳಿದರೆ 12 ಗಂಟೆಯೊಳಗೆ ಒದಗಿಸಿದರೆ ಸಾಕು ಎನ್ನೋಣ. ಆಗ ಗ್ಲೇಸಿಯರ್ ಡೀಪ್ ಆರ್ಕೈವ್ ಎಂಬ ಅತಿ ಅಗ್ಗದ ಸಂಗ್ರಹವರ್ಗವೇ ತಕ್ಕದ್ದು. ಅದೇ ಕಥೆಯಲ್ಲಿ ‘ಕೇಳಿದ ಕ್ಷಣದಲ್ಲೇ’ ಎಂಬ ಮಾತು ಸೇರಿದರೆ ಅದು ತಪ್ಪಾಗಿ, ಅದಕ್ಕಿಂತ ದುಬಾರಿಯಾದ ಗ್ಲೇಸಿಯರ್ ಇನ್‌ಸ್ಟಂಟ್ ರಿಟ್ರೀವಲ್ ಸರಿಯಾಗುತ್ತದೆ. ಒಂದು ಕ್ರಿಯಾವಿಶೇಷಣಕ್ಕೆ ಇಡೀ ಉತ್ತರವನ್ನು ತಿರುಗಿಸುವ ಬಲವಿದೆ. ಪದ್ಯದ ಅನ್ವಯ ಮಾಡಿ ಬಲ್ಲವರಿಗೆ ಈ ಬಗೆಯ ಓದಿನ ಕಷ್ಟ ತಿಳಿಯದ್ದಲ್ಲ.

ಆತನ ದಿನಚರಿ ಬೆಳಗಿನ ನಾಲ್ಕೂವರೆಗೆ ಆರಂಭವಾಗುತ್ತಿತ್ತು. ಊಟದ ಮೇಜಿನ ಒಂದು ತುದಿಯಲ್ಲಿ ದ್ವಿತೀಯ ಪಿಯುಸಿಯ ಮಗಳು, ಇನ್ನೊಂದು ತುದಿಯಲ್ಲಿ ತಂದೆ. ಮಗಳು ಆಂಗ್ಲ ಮಾಧ್ಯಮದವಳು. ಆತ ಆಕೆಗೆ ಬಾಲ್ಯದಿಂದಲೂ ಹೇಳಿಕೊಂಡು ಬಂದಿದ್ದುದು ಒಂದೇ ಬುದ್ಧಿಮಾತು: ಇಂಗ್ಲಿಷನ್ನು ಚೆನ್ನಾಗಿ ಕಲಿ, ನನ್ನ ಹಾಗೆ ಆಗಬೇಡ. ಆತನಿಗೆ ಇಂಗ್ಲಿಷ್ ಬಾರದೆಂದಲ್ಲ. ಕೈಪಿಡಿಗಳನ್ನು ಓದುತ್ತಿದ್ದ, ಮಿಂಚಂಚೆಗಳನ್ನು ಬರೆಯುತ್ತಿದ್ದ, ಸಭೆಗಳಲ್ಲಿ ಅಗತ್ಯದಷ್ಟು ಮಾತನಾಡುತ್ತಿದ್ದ. ಆದರೆ ಓದಿದ ಪ್ರತಿಯೊಂದು ವಾಕ್ಯವೂ ಒಳಗೆ ಹೋಗಿ, ಕನ್ನಡವಾಗಿ, ಅರ್ಥವಾಗಿ, ಮತ್ತೆ ಇಂಗ್ಲಿಷಾಗಿ ಹೊರಬರುತ್ತಿತ್ತು. ಈ ಹೋಗಿ ಬರುವ ಹಾದಿಗೆ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು. ನಿತ್ಯದ ಕೆಲಸದಲ್ಲಿ ಆ ಹೊತ್ತನ್ನು ಯಾರೂ ಅಳೆದಿರಲಿಲ್ಲ.

ಪರೀಕ್ಷೆ ಅದನ್ನು ಅಳೆಯಿತು. ನಾಲ್ಕನೆಯ ತಿಂಗಳ ಕೊನೆಗೆ ಆತ ಮೊದಲ ಬಾರಿ ಕುಳಿತ. ಸೇವೆಗಳ ಹೆಸರುಗಳು, ಮಿತಿಗಳು, ಅಂಕಿಗಳು ಎಲ್ಲವನ್ನೂ ಬಾಯಿಪಾಠ ಮಾಡಿದ್ದ. 180 ನಿಮಿಷಗಳನ್ನು 75 ಪ್ರಶ್ನೆಗಳಿಗೆ ಹಂಚಿದರೆ ಒಂದಕ್ಕೆ ಎರಡು ನಿಮಿಷ 24 ಸೆಕೆಂಡು ಸಿಗುತ್ತದೆ. ಆತನ ಓದು ಆ ವೇಗಕ್ಕೆ ಹೊಂದಲಿಲ್ಲ. ಪರದೆಯ ಮೂಲೆಯ ಗಡಿಯಾರ ಕೊನೆಯ ಮೂರು ನಿಮಿಷ ತೋರಿಸುವಾಗ 11 ಪ್ರಶ್ನೆಗಳು ಉಳಿದಿದ್ದವು. ಅವುಗಳನ್ನು ಓದದೆಯೇ ಒಂದೊಂದು ಗುರುತು ಹಾಕಿ ಎದ್ದು ಬಂದ. ಫಲಿತಾಂಶ 698.

ಅಂದಿನ ರಾತ್ರಿ ಗಂಡ ಹೆಂಡತಿ ಕೂತು ಲೆಕ್ಕ ಹಾಕಿದರು. ಆತ ಓದಿದ್ದ ಪಾಠಗಳಲ್ಲಿ ವಿಪತ್ತಿನ ನಂತರದ ಚೇತರಿಕೆಯ ಅಧ್ಯಾಯ ಒಂದಿತ್ತು. ಯಾವುದೇ ಸಂಸ್ಥೆ ತನ್ನನ್ನು ತಾನು ಎರಡು ಪ್ರಶ್ನೆ ಕೇಳಿಕೊಳ್ಳಬೇಕೆಂದು ಅದು ಹೇಳುತ್ತದೆ. ಅನಾಹುತ ಒದಗಿದಾಗ ಹಿಂದಿನ ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ತಡೆದುಕೊಳ್ಳಬಹುದು? ಮತ್ತೆ ಎದ್ದು ನಿಲ್ಲಲು ಎಷ್ಟು ಹೊತ್ತು ಕಾಯಬಹುದು? ಮೊದಲನೆಯದನ್ನು ಆರ್‌ಪಿಒ ಎಂದೂ ಎರಡನೆಯದನ್ನು ಆರ್‌ಟಿಒ ಎಂದೂ ಕರೆಯುತ್ತಾರೆ. ಮನೆಯ ಸಾಲದ ಕಂತು, ಮಗಳ ಮುಂದಿನ ಓದು, ತಾಯಿಯ ಔಷಧಿ ಇವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ ಆ ಎರಡು ಪ್ರಶ್ನೆಗಳು ತಮ್ಮ ಸಂಸಾರದ ಪ್ರಶ್ನೆಗಳೇ ಆಗಿ ಎದುರಿಗೆ ನಿಂತವು. ಸಂಬಳ ನಿಂತರೆ ಐದು ತಿಂಗಳು ಕಾಯಬಹುದು ಎಂಬುದು ಉತ್ತರವಾಯಿತು. ಮೊದಲ ಬಾರಿಯ ಶುಲ್ಕವನ್ನು ಸಂಸ್ಥೆ ಕೊಟ್ಟಿತ್ತು. ಎರಡನೆಯದನ್ನು ಕೈಯಿಂದಲೇ ತೆರಬೇಕಿತ್ತು.

ಮನೆಯಲ್ಲಿ ತಾಯಿ ಇದ್ದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ತೋಟದಲ್ಲಿ ಬಾಳು ಸವೆಸಿದವರು. ಮಗ ಬೆಳಗಿನ ಜಾವ ಎದ್ದು ಓದುವುದನ್ನು ತಿಂಗಳುಗಟ್ಟಲೆ ಕಂಡೂ ಕೇಳದಿದ್ದವರು, ಆತ ಎರಡು ದಿನ ಪುಸ್ತಕ ಮುಟ್ಟದೆ ಕುಳಿತಾಗ ಹತ್ತಿರ ಬಂದು ಕೂತರು.

“ಅದೇನ್ ಪಾಠ ಮಗಾ ಅದು? ನಂಗೂ ಒಸಿ ಹೇಳು.”

ಆತನಿಗೆ ನಗು ಬಂತು. “ನಿಂಗೆ ಹೇಗವ್ವ ಹೇಳ್ಲಿ? ವಸ್ತುಗಳನ್ನ ಎಲ್ಲಿಡಬೇಕು ಅನ್ನೋ ಪಾಠ ಅದು. ದಿನಾ ಬೇಕಾಗೋದನ್ನ ಒಂದು ಕಡೆ, ಅಪರೂಪಕ್ಕೆ ಬೇಕಾಗೋದನ್ನ ಒಂದು ಕಡೆ.”

“ಅದ್ರಲ್ಲೇನೈತೆ? ಅಡುಗೇಗೆ ಬೇಕಾದ ಕಾಯಿ ಒಲೆ ಪಕ್ಕದಲ್ಲಿರ್ತದೆ. ಕೊಬ್ರಿ ಮಾಡೋ ಕಾಯಿ ಅಟ್ಟದ ಮೇಲಿರ್ತದೆ.”

ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೆಸರಾದದ್ದು. ಬಲಿತ ತೆಂಗಿನಕಾಯಿಗಳನ್ನು ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಮುಟ್ಟದೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು ಗಟ್ಟಿ ಕೊಬ್ಬರಿಯಾಗುತ್ತದೆ. ಅವಸರಪಟ್ಟು ನಾಲ್ಕು ತಿಂಗಳಿಗೆ ಇಳಿಸಿದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ, ನಷ್ಟ ಇಳಿಸಿದವನದು. ಡೀಪ್ ಆರ್ಕೈವ್ ಎಂಬ ಸಂಗ್ರಹವರ್ಗದ ನಿಯಮವೊಂದನ್ನು ಆತ ಹಲವು ಬಾರಿ ಉರುಹೊಡೆದು ಹಲವು ಬಾರಿ ಮರೆತಿದ್ದ. ಅಲ್ಲಿಟ್ಟ ವಸ್ತುವಿಗೆ ಕನಿಷ್ಠ 180 ದಿನಗಳ ಬಾಡಿಗೆ ಉಂಟು. ಅದಕ್ಕೆ ಮುಂಚೆ ಅಳಿಸಿದರೂ ಉಳಿದ ದಿನಗಳ ಹಣ ತಪ್ಪುವುದಿಲ್ಲ. ತಾಯಿಯ ಮಾತು ಕೇಳಿದ ಮೇಲೆ ಅದು ಮತ್ತೆ ಮರೆಯಲಿಲ್ಲ. ಆದರೆ ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಆತ ಗುರುತು ಹಾಕಿಕೊಂಡ. ಅಟ್ಟದ ಕಾಯಿಯನ್ನು ಇಲಿ ತಿಂದರೆ ಹೋಯಿತು. ಇಲ್ಲಿನ ವಸ್ತು ಪರಸ್ಪರ ದೂರವಿರುವ ಕನಿಷ್ಠ ಮೂರು ಯಂತ್ರಾಗಾರ ವಲಯಗಳಲ್ಲಿ ಉಳಿಯುವಂತೆ ಇಡಲ್ಪಡುತ್ತದೆ. ಒಂದೇ ಕಾಯಿ ಮೂರು ಊರಿನ ಅಟ್ಟಗಳಲ್ಲಿ ಇದ್ದಂತೆ.

ಅಂದು ಸಂಜೆ ಆತ ಒಂದು ಇನ್ನೂರು ಪುಟದ ನೋಟುಪುಸ್ತಕ ತಂದ. ನಿತ್ಯವೂ ಓದಿದ್ದನ್ನು ರಾತ್ರಿ ತಾಯಿಗೆ ಹೇಳುವುದು, ಅವರಿಗೆ ತಿಳಿದ ಮೇಲೆ ಅದೇ ಮಾತುಗಳಲ್ಲಿ ಬರೆದಿಡುವುದು ಎಂಬ ಕ್ರಮ ಆರಂಭವಾಯಿತು. ಸೇವೆಗಳ ಹೆಸರುಗಳು ಇಂಗ್ಲಿಷಿನವೇ, ಕನ್ನಡ ಲಿಪಿಯಲ್ಲಿ. ವಿವರಣೆ ಮಾತ್ರ ಮನೆಯ ಕನ್ನಡ. ಎಸ್‌ಕ್ಯೂಎಸ್ ಎಂಬ ಸರದಿಯ ಸೇವೆ ಆ ಪುಸ್ತಕದಲ್ಲಿ ಊರಿನ ರಾಗಿ ಮಿಲ್ಲಾಯಿತು. ರಾಗಿಯ ಚೀಲವನ್ನು ಸಾಲಿನಲ್ಲಿಟ್ಟು ಮನೆಯವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಮಿಲ್ಲಿನವನು ತನ್ನ ವೇಗಕ್ಕೆ ತಕ್ಕಂತೆ ಒಂದೊಂದನ್ನೇ ಬೀಸುತ್ತಾನೆ. ಕರೆಂಟು ಹೋದರೂ ಚೀಲ ಇದ್ದಲ್ಲೇ ಇರುತ್ತದೆ. ತರುವವನೂ ಬೀಸುವವನೂ ಒಬ್ಬರಿಗೊಬ್ಬರು ಕಾಯಬೇಕಿಲ್ಲ ಎಂಬುದೇ ಆ ವ್ಯವಸ್ಥೆಯ ಸಾರ. ಆದರೆ ಈ ಸಾಲಿನಲ್ಲಿ ಚೀಲ ಎಂದೆಂದಿಗೂ ಇರುವುದಿಲ್ಲ, ಹೆಚ್ಚೆಂದರೆ 14 ದಿನ ಎಂಬ ಮಿತಿಯನ್ನು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದ. ಎರಡು ಖಾಸಗಿ ಜಾಲಗಳನ್ನು ಪೀರಿಂಗ್ ಎಂಬ ವಿಧಾನದಿಂದ ಬೆಸೆದಾಗ ಸಂಬಂಧ ಆ ಎರಡಕ್ಕೇ ಸೀಮಿತ, ಮೂರನೆಯದಕ್ಕೆ ದಾಟುವುದಿಲ್ಲ ಎಂಬ ನಿಯಮದ ಎದುರಿಗೆ ‘ನೆಂಟರ ನೆಂಟರು ನಮಗೆ ನೆಂಟರಲ್ಲ’ ಎಂದಿತ್ತು.

ಚೇತರಿಕೆಯ ಅಧ್ಯಾಯದಲ್ಲಿ ಆತ ಸದಾ ಎಡವುತ್ತಿದ್ದುದು ಪೈಲಟ್ ಲೈಟ್ ಮತ್ತು ವಾರ್ಮ್ ಸ್ಟ್ಯಾಂಡ್‌ಬೈ ಎಂಬ ಎರಡು ಕ್ರಮಗಳ ಭೇದದಲ್ಲಿ. ಎರಡರಲ್ಲೂ ಬೇರೊಂದು ಪ್ರದೇಶದಲ್ಲಿ ಏನನ್ನೋ ಜೀವಂತವಾಗಿ ಇಟ್ಟಿರಲಾಗುತ್ತದೆ. ತಾಯಿ ಕೇಳಿದ್ದು ಒಂದೇ ಮಾತು: “ಕೆಂಡಕ್ಕೆ ಬೂದಿ ಮುಚ್ಚಿಕ್ಕಿರೋದೋ, ಒಲೆ ಮ್ಯಾಲೆ ಒಂದು ಸಣ್ಣ ಗಡಿಗೆ ಇಕ್ಕಿರೋದೋ?” ಭೇದ ಅಷ್ಟೇ ಆಗಿತ್ತು. ಬೂದಿ ಮುಚ್ಚಿದ ಕೆಂಡದಿಂದ ಯಾರ ಹೊಟ್ಟೆಯೂ ತುಂಬದು. ಸೌದೆಯಿಟ್ಟು ಊದಿ, ಎಸರಿಟ್ಟ ಮೇಲೆಯೇ ಊಟ. ಪೈಲಟ್ ಲೈಟ್‌ನಲ್ಲಿ ಮಾಹಿತಿಯ ಪ್ರತಿ ಸದಾ ಸಿದ್ಧವಿದ್ದರೂ ಕೆಲಸ ಮಾಡುವ ಸರ್ವರ್‌ಗಳನ್ನು ಆಮೇಲೆ ಹೊತ್ತಿಸಬೇಕು. ಸಣ್ಣ ಗಡಿಗೆಯಲ್ಲಾದರೆ ಅನ್ನ ಈಗಲೇ ಉಂಟು, ನಾಲ್ಕು ಜನಕ್ಕೆ ಬಡಿಸಬಹುದು. ನಲವತ್ತು ಜನ ಬಂದರೆ ಗಡಿಗೆ ದೊಡ್ಡದು ಮಾಡಬೇಕು. ವಾರ್ಮ್ ಸ್ಟ್ಯಾಂಡ್‌ಬೈ ಅದು.

ಎಲ್ಲ ಪಾಠವೂ ತಾಯಿಯ ಅಡುಗೆಮನೆಯಲ್ಲಿ ಸಿಗುವಂಥದ್ದಾಗಿರಲಿಲ್ಲ. ಅನುಮತಿಗಳ ಅಧ್ಯಾಯಕ್ಕೆ ಬಂದಾಗ ಆತನಿಗೆ ನೆರವಾದದ್ದು ಪ್ರೌಢಶಾಲೆಯ ಕನ್ನಡ ವ್ಯಾಕರಣ. ಸಾಮಾನ್ಯ ವಿಧಿ, ವಿಶೇಷ ವಿಧಿ ಎಂಬ ಭೇದವನ್ನು ಅಲ್ಲಿ ಕಲಿತಿದ್ದ. ವಿಶೇಷ ವಿಧಿ ಬಂದಲ್ಲಿ ಸಾಮಾನ್ಯ ವಿಧಿ ಹಿಂದೆ ಸರಿಯುತ್ತದೆ. ಐಎಎಮ್ ಎಂಬ ಅನುಮತಿ ವ್ಯವಸ್ಥೆಯಲ್ಲಿಯೂ ಹಾಗೆಯೇ ಇರಬಹುದೆಂದು ಎಣಿಸಿ ಅಭ್ಯಾಸ ಪ್ರಶ್ನೆಗಳಲ್ಲಿ ತಪ್ಪುತ್ತಿದ್ದ. ಅಲ್ಲಿನ ನ್ಯಾಯ ಬೇರೆ. ಏನನ್ನೂ ಹೇಳದಿದ್ದರೆ ನಿಷೇಧವೆಂದೇ ಅರ್ಥ. ಅನುಮತಿ ಕೊಟ್ಟರೆ ಉಂಟು. ಆದರೆ ಎಲ್ಲಿಯಾದರೂ ಒಂದು ಕಡೆ ಸ್ಪಷ್ಟವಾದ ನಿಷೇಧವಿದ್ದರೆ, ಅನುಮತಿ ಎಷ್ಟೇ ವಿಶೇಷವಾಗಿದ್ದರೂ ನಿಷೇಧವೇ ಗೆಲ್ಲುತ್ತದೆ. ಇನ್ನು ಇಡೀ ಸಂಸ್ಥೆಗೆ ಅನ್ವಯಿಸುವ ಎಸ್‌ಸಿಪಿ ಎಂಬ ಕಟ್ಟಳೆ ಯಾರಿಗೂ ಏನನ್ನೂ ಕೊಡುವುದಿಲ್ಲ, ಕೊಡಬಹುದಾದುದರ ಎಲ್ಲೆಯನ್ನು ಮಾತ್ರ ಗೆರೆ ಎಳೆದು ತೋರಿಸುತ್ತದೆ. ವ್ಯಾಕರಣದ ಕ್ರಮಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಬರೆದುಕೊಂಡ ದಿನದಿಂದ ಆ ತಪ್ಪು ನಿಂತಿತು. ತಿಳಿದ ಒಂದು ಶಾಸ್ತ್ರ, ತಾನು ಹೊಂದದ ಕಡೆಯಲ್ಲಿಯೂ, ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಿಯೇ ಇನ್ನೊಂದು ಶಾಸ್ತ್ರಕ್ಕೆ ನೆರವಾಗುತ್ತದೆ.

ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಿಕೊಳ್ಳುವ ಈ ಕೆಲಸ ನಾಡಿಗೆ ಹೊಸದೇನಲ್ಲ. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಬೇಸಾಯ, ಅಂತರ್ಜಲ, ಪಾಕ ಮೊದಲಾದವನ್ನು ಕನ್ನಡದಲ್ಲಿ ಬರೆದ. ಅದೇ ಶತಮಾನದ ಶ್ರೀಧರಾಚಾರ್ಯ ‘ಜಾತಕತಿಲಕ’ದ ಮೂಲಕ ಜ್ಯೋತಿಷವನ್ನೂ, 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದ ಮೂಲಕ ಗಣಿತವನ್ನೂ ಕನ್ನಡಕ್ಕೆ ತಂದರು. ಅವರ ಪಾರಿಭಾಷಿಕ ಪದಗಳಲ್ಲಿ ಸಂಸ್ಕೃತದವು ಅನೇಕ. ಪದ ಎಲ್ಲಿಂದಾದರೂ ಬರಲಿ, ವಿಷಯ ಓದುವವನ ಭಾಷೆಯಲ್ಲಿ ನೆಲೆಗೊಳ್ಳಬೇಕು ಎಂಬುದು ಅವರ ಕ್ರಮವಾಗಿತ್ತು. ನೋಟುಪುಸ್ತಕದ ಒಡೆಯನಿಗೆ ಈ ಗ್ರಂಥಗಳ ಹೆಸರು ತಿಳಿದಿರಲಿಲ್ಲ. ಗರಜು ಮಾತ್ರ ಅದೇ.

ಎರಡನೆಯ ಬಾರಿಯ ನೋಂದಣಿಗೆ ಕೂತ ರಾತ್ರಿ ಮಗಳು ಪಕ್ಕದಲ್ಲಿದ್ದಳು. ಹೊಂದಾಣಿಕೆಗಳನ್ನು ಕೋರುವ ಭಾಗವನ್ನು ತಂದೆ ಮೊದಲ ಬಾರಿಯಲ್ಲಿ ಓದದೆ ದಾಟಿಹೋಗಿದ್ದ. ಆಕೆ ಓದಿದಳು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವುದಾದರೆ 30 ನಿಮಿಷಗಳ ಹೆಚ್ಚುವರಿ ಕಾಲವನ್ನು ಕೇಳಬಹುದು. ನೋಂದಣಿಗೆ ಮುನ್ನವೇ ಕೇಳಬೇಕು. ಜಪಾನೀ, ಕೊರಿಯನ್, ಚೀನೀ ಭಾಷೆಗಳಲ್ಲಿ ಈ ಪರೀಕ್ಷೆಯನ್ನು ಬರೆಯಬಹುದು. ಭಾರತದ ಭಾಷೆಗಳು ಆ ಪಟ್ಟಿಯಲ್ಲಿಲ್ಲ. ನಮ್ಮವರಿಗೆ ಉಳಿದಿರುವುದು ಆ ಅರ್ಧ ಗಂಟೆ.

ಆತ ಬೇಡವೆಂದ. ಕಾರಣ ಕೇಳಿದರೆ ಹೇಳಲಿಲ್ಲ. ಇಪ್ಪತ್ತೆರಡು ವರ್ಷ ಸಭೆಗಳಲ್ಲಿ, ಮಿಂಚಂಚೆಗಳಲ್ಲಿ, ಮಗಳ ಶಾಲೆಯ ಪೋಷಕರ ಕೂಟಗಳಲ್ಲಿ ಮುಚ್ಚಿಟ್ಟುಕೊಂಡು ಬಂದ ಸಂಗತಿಯನ್ನು ಈಗ ತಾನಾಗಿಯೇ ಅರ್ಜಿಯಲ್ಲಿ ಒಪ್ಪಿಕೊಳ್ಳಬೇಕಲ್ಲ ಎಂಬ ಸಂಕೋಚ ಅದು. ಅಂಗವಿಕಲರ ಸವಲತ್ತನ್ನು ಕಸಿದಂತೆ, ಬೇರೆಯವರಿಗಿಲ್ಲದ ರಿಯಾಯಿತಿಯನ್ನು ಬೇಡಿದಂತೆ ಆತನಿಗೆ ತೋರಿತು.

“ಅಪ್ಪ, ಇಲ್ಲಿ ಕೇಳಿರೋದು ಇಷ್ಟೇ. ನಿಮ್ಮ ಮಾತೃಭಾಷೆ ಇಂಗ್ಲಿಷಾ?”

“ಅಲ್ಲ.”

“ಮತ್ತೆ ಅಲ್ಲ ಅಂತ ಬರೆಯೋಕೆ ಏನು?”

ಆ ಪ್ರಶ್ನೆಗೆ ಆತನಲ್ಲಿ ಉತ್ತರವಿರಲಿಲ್ಲ. ಸುಳ್ಳನ್ನು ಹೇಳಲು ನಾಚುವುದುಂಟು. ನಿಜವನ್ನು ಹೇಳಲು ನಾಚುತ್ತಿರುವುದು ಆತನಿಗೆ ಮೊದಲ ಬಾರಿಗೆ ಅರಿವಾಯಿತು. ನನ್ನ ಹಾಗೆ ಆಗಬೇಡ ಎಂದು ಮಗಳಿಗೆ ಅಷ್ಟು ವರ್ಷ ಹೇಳಿದ ಮಾತಿನ ಅರ್ಥವೂ ಆಗ ಕಿವಿಗೆ ಬೇರೆಯಾಗಿ ಕೇಳಿಸಿತು. ಅರ್ಜಿಯನ್ನು ಮಗಳೇ ತುಂಬಿದಳು. ಯಾವ ಪುರಾವೆಯನ್ನೂ ಯಾರೂ ಕೇಳಲಿಲ್ಲ. ಒಮ್ಮೆ ಕೋರಿದರೆ ಮುಂದಿನ ಪರೀಕ್ಷೆಗಳಿಗೂ ಅದು ಅನ್ವಯ.

ತಾಯಿಗೆ ವಿಷಯ ತಿಳಿಸಿದಾಗ ಅವರು ಅರ್ಧ ಗಂಟೆಯನ್ನು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡು, ಒಂದು ಗಳಿಗೆಯ ಮೇಲೆ ಸ್ವಲ್ಪ ಎಂದರು. ಪಂಚಾಂಗದ ಲೆಕ್ಕದಲ್ಲಿ ದಿನಕ್ಕೆ 60 ಗಳಿಗೆ, ಗಳಿಗೆಗೆ 60 ವಿಗಳಿಗೆ. ಇಂದಿನ ಗಡಿಯಾರದಲ್ಲಿ ಒಂದು ಗಳಿಗೆ 24 ನಿಮಿಷ. ಒಂದು ವಿಗಳಿಗೆ 24 ಸೆಕೆಂಡು. ಆತ ಕುತೂಹಲಕ್ಕೆ 30 ನಿಮಿಷಗಳನ್ನು 75 ಪ್ರಶ್ನೆಗಳಿಗೆ ಹಂಚಿ ನೋಡಿದ. ಪ್ರಶ್ನೆಯೊಂದಕ್ಕೆ ದೊರೆತದ್ದು ಸರಿಯಾಗಿ 24 ಸೆಕೆಂಡು, ಒಂದು ವಿಗಳಿಗೆ. ವಾಕ್ಯವೊಂದು ಒಳಗೆ ಹೋಗಿ ಕನ್ನಡವಾಗಿ ಮರಳಿ ಬರಲು ಹಿಡಿಯುವ ಹೊತ್ತೂ ಹೆಚ್ಚು ಕಡಿಮೆ ಅಷ್ಟೇ.

ಆರನೆಯ ತಿಂಗಳ ಕೊನೆಯ ವಾರ ಆತ ಎರಡನೆಯ ಬಾರಿ ಕುಳಿತ. ಕೈಗಡಿಯಾರ, ಮೊಬೈಲು, ಪರ್ಸುಗಳನ್ನು ಹೊರಗಿನ ಪೆಟ್ಟಿಗೆಯಲ್ಲಿಟ್ಟು ಒಳಗೆ ಹೋದಾಗ ಕೈಯಲ್ಲಿದ್ದುದು ಕೇಂದ್ರದವರು ಕೊಟ್ಟ ಅಳಿಸಬಹುದಾದ ಹಾಳೆ ಮತ್ತು ಲೇಖನಿ. ಪರದೆಯ ಮೂಲೆಯಲ್ಲಿ 210 ನಿಮಿಷ ಎಂದಿತ್ತು. ಈ ಬಾರಿ ಕೊನೆಯ ವಾಕ್ಯವನ್ನು ಮೊದಲು ಓದಿದ. ವಿಶೇಷಣ ಯಾವುದೆಂದು ಹಿಡಿದು, ಅದನ್ನು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಕಥೆಯನ್ನು ಓದಿದ. ಖರ್ಚು ಕಡಿಮೆ. ಹೊರೆ ಕಡಿಮೆ. ತಡ ಕಡಿಮೆ. ಬದಲಾವಣೆ ಕಡಿಮೆ. ಎಪ್ಪತ್ತೈದು ಪ್ರಶ್ನೆಗಳಲ್ಲಿ ಈ ನಾಲ್ಕು ಮಾತುಗಳೇ ಮತ್ತೆ ಮತ್ತೆ ಬಂದವು ಎಂದು ಆಮೇಲೆ ಹೇಳುತ್ತಿದ್ದ. ಎಲ್ಲವನ್ನೂ ಓದಿ ಮುಗಿಸಿದಾಗ ಆರು ನಿಮಿಷ ಉಳಿದಿತ್ತು. ಮರುದಿನ ಸಂಜೆ ಫಲಿತಾಂಶ ಬಂತು: 774.

ಹೊಸ ತಂಡಕ್ಕೆ ಆತನನ್ನು ತೆಗೆದುಕೊಂಡರು. ಮೂರು ತಿಂಗಳ ಬಳಿಕ ನೆಲಮಾಳಿಗೆಯ ಕೋಣೆಯ ಯಂತ್ರಗಳನ್ನು ಒಂದೊಂದಾಗಿ ಆರಿಸುವ ಕೆಲಸವೂ ಆತನ ಪಾಲಿಗೇ ಬಂತು. ಕೊನೆಯ ಯಂತ್ರ ನಿಂತಾಗ ಕೋಣೆಯಲ್ಲಿ ಮೊದಲ ಬಾರಿಗೆ ಏನೂ ಕೇಳಿಸಲಿಲ್ಲ.

ಅದೇ ಕೋಣೆಯಲ್ಲಿ ಆತನಿಗಿಂತ ಐದು ವರ್ಷ ಹಿರಿಯರಾದ ಸಹೋದ್ಯೋಗಿಯೊಬ್ಬರು ಇದ್ದರು. ಆತ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಬಲ್ಲಿಗೆ ತುದಿ ಜೋಡಿಸುವುದನ್ನು ಕಲಿಸಿದವರು ಅವರೇ. ಅವರು ಪರೀಕ್ಷೆಗೆ ಕೂರಲೇ ಇಲ್ಲ. ಇಂಗ್ಲಿಷ್ ಪ್ರಶ್ನೆ ಓದಿ ಮುಗಿಸುವುದರೊಳಗೆ ಹೊತ್ತು ಮುಗಿಯುತ್ತದೆ, ಕಳೆಯಲು 300 ಡಾಲರ್ ಬೇರೆ ಏಕೆ ಎಂದಿದ್ದರು. ಕೋಣೆ ಮುಚ್ಚಿದ ತಿಂಗಳೇ ಅವರ ಕೆಲಸವೂ ಹೋಯಿತು. ಮೂವತ್ತು ನಿಮಿಷಗಳ ಸಂಗತಿಯನ್ನು ಆತ ಅವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ತಾನು ತಿಳಿದ ದಿನವೇ ಹೇಳಬೇಕಿತ್ತೆಂದು ಆತ ಇಂದಿಗೂ ಪರಿತಪಿಸುತ್ತಾನೆ. ಹೇಳದಿದ್ದುದು ಮರೆವಿನಿಂದಲ್ಲ, ಅದನ್ನು ತಾನು ಕೇಳಿಕೊಂಡೆನೆಂದು ಇನ್ನೊಬ್ಬರೆದುರು ಒಪ್ಪಿಕೊಳ್ಳಲು ಆಗಿನ್ನೂ ಬಾಯಿ ಬಾರದಿದ್ದುದರಿಂದ. ಅರ್ಜಿಯಲ್ಲಿ ನಾಚಿಕೆ ಕಳೆದಿತ್ತು, ಗೆಳೆಯನ ಮುಂದೆ ಕಳೆದಿರಲಿಲ್ಲ. ಆ ಉಳಿದ ನಾಚಿಕೆಯ ಬೆಲೆಯನ್ನು ಬೇರೊಬ್ಬರು ತೆತ್ತರು.

ಮುಂದಿನ ಭಾನುವಾರ ಆತ ನೋಟುಪುಸ್ತಕದ ನಕಲು ಪ್ರತಿಯನ್ನು ತೆಗೆದುಕೊಂಡು ಅವರ ಮನೆಗೆ ಹೋದ. ಈಗ ಅವರು ಒಂದು ಮೆಟ್ಟಿಲು ಕೆಳಗಿನ ಅಸೋಸಿಯೇಟ್ ಹಂತದ ಪರೀಕ್ಷೆಗೆ ಓದುತ್ತಿದ್ದಾರೆ. ಅದಕ್ಕೆ 65 ಪ್ರಶ್ನೆ, 130 ನಿಮಿಷ; ಅರ್ಧ ಗಂಟೆ ಸೇರಿದರೆ 160. ರಾಗಿ ಮಿಲ್ಲಿನ ಪುಟದವರೆಗೆ ತಲುಪಿದ್ದಾರೆ. ನಕಲು ಮಾಡಿಸುವ ಮುನ್ನ ಆತ ಪುಸ್ತಕದ ಆರಂಭದಲ್ಲಿ ಖಾಲಿ ಬಿಟ್ಟಿದ್ದ ಹಾಳೆಯ ಮೇಲೆ ಹೊಸದಾಗಿ ಒಂದು ಸಾಲು ಸೇರಿಸಿದ್ದ. ಯಾವ ಸೇವೆಯ ಹೆಸರೂ ಅದರಲ್ಲಿಲ್ಲ. ಓದಲು ಶುರುಮಾಡುವ ಮುಂಚೆ ಅರ್ಧ ಗಂಟೆ ಕೇಳಿಕೊಳ್ಳಿ ಎಂದಷ್ಟೇ ಇದೆ.